ಯಂತ್ರಕ್ಕೊಂದು ವಿಳಾಸ

ಪತ್ರದೊಳಗೆ ಎಷ್ಟೇ ಮುಖ್ಯವಾದ ಸಮಾಚಾರವಿರಲಿ, ಲಕೋಟೆಯ ಮೇಲೆ ಸರಿಯಾದ ವಿಳಾಸವಿಲ್ಲದಿದ್ದರೆ ಅದು ಸೇರಬೇಕಾದವರನ್ನು ಸೇರಲಾರದು. ಕೆಲಸಕ್ಕೆ ಕರೆದ ಆದೇಶವಾಗಲಿ, ಪರೀಕ್ಷೆಯ ಪ್ರವೇಶಪತ್ರವಾಗಲಿ, ದೂರದ ಮಗಳು ತಾಯಿಗೆ ಬರೆದ ಕ್ಷೇಮಸಮಾಚಾರವಾಗಲಿ, ವಿಳಾಸ ತಪ್ಪಿತೆಂದರೆ ಊರೂರು ಅಲೆದು, ಮೈತುಂಬ ಮುದ್ರೆಗಳನ್ನು ಒತ್ತಿಸಿಕೊಂಡು, ಕೊನೆಗೆ ಬರೆದವರ ಮನೆಗೇ ಹಿಂದಿರುಗುತ್ತದೆ. ಲಕೋಟೆಯ ಮೇಲಿನ ಆ ಮೂರು ನಾಲ್ಕು ಸಾಲುಗಳಿಗೆ ಇಷ್ಟೊಂದು ಶಕ್ತಿ ಬಂದುದು ಎಲ್ಲಿಂದ? ಬರೆಯುವವನು, ಸಾಗಿಸುವವನು, ಪಡೆಯುವವನು ಈ ಮೂವರೂ ಆ ಸಾಲುಗಳನ್ನು ಒಂದೇ ಬಗೆಯಾಗಿ ಓದುತ್ತಾರೆ. ವಿಳಾಸವೆಂದರೆ ಎಲ್ಲರೂ ಒಪ್ಪಿ ನಡೆಯುವ ಒಂದು ಒಪ್ಪಂದ.

ಈ ಒಪ್ಪಂದವು ಇಂದು ಕಾಗದವನ್ನು ದಾಟಿ ಯಂತ್ರಲೋಕವನ್ನು ಪ್ರವೇಶಿಸಿದೆ. ಹಾವೇರಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪರೀಕ್ಷೆಯ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಬಯಸುತ್ತಾಳೆಂದು ಇಟ್ಟುಕೊಳ್ಳೋಣ. ಅದೇ ಕ್ಷಣದಲ್ಲಿ ಸಾವಿರಾರು ಮಂದಿ ಅದೇ ಪುಟವನ್ನು ಕೇಳುತ್ತಿರುತ್ತಾರೆ. ಫಲಿತಾಂಶವನ್ನು ಇರಿಸಿಕೊಂಡಿರುವ ಗಣಕಯಂತ್ರವು ಎಲ್ಲಿಯೋ ದೂರದ ನಗರದಲ್ಲಿದೆ. ಆದರೂ ಅವಳು ಕೇಳಿದ ಉತ್ತರವು ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಕೈಯಲ್ಲಿರುವ ಯಂತ್ರಕ್ಕೇ ಬಂದು ಸೇರುತ್ತದೆ. ಪಕ್ಕದ ಮನೆಯ ಯಂತ್ರಕ್ಕೆ ಹೋಗುವುದಿಲ್ಲ. ಕೋಟ್ಯಂತರ ಯಂತ್ರಗಳ ನಡುವೆ ಕೇಳಿದವರನ್ನೇ ಹುಡುಕಿಕೊಂಡು ಉತ್ತರ ಬರುವುದಕ್ಕೆ ಕಾರಣ, ಆ ಯಂತ್ರಕ್ಕೂ ಒಂದು ವಿಳಾಸವಿರುವುದು. ಅದನ್ನು ಐಪಿ ವಿಳಾಸವೆಂದು ಕರೆಯುತ್ತಾರೆ. ಐಪಿ ಎಂಬುದು ಇಂಟರ್‌ನೆಟ್ ಪ್ರೋಟೋಕಾಲ್ ಎಂಬ ಮಾತಿನ ಹ್ರಸ್ವರೂಪ. ಅಂತರಜಾಲದಲ್ಲಿ ಯಂತ್ರಗಳು ಪರಸ್ಪರ ವ್ಯವಹರಿಸುವಾಗ ಪಾಲಿಸಬೇಕಾದ ನಿಯಮಾವಳಿ ಎಂದು ಇದರ ಅರ್ಥ.

ಈ ನಿಯಮಾವಳಿ ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ವಿಶ್ವವಿದ್ಯಾಲಯದಲ್ಲಿದ್ದ ಗಣಕಯಂತ್ರವೊಂದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರಕ್ಕೆ ಸಂದೇಶವೊಂದನ್ನು ಕಳುಹಿಸಲು ಯತ್ನಿಸಿತು. 'ಲಾಗಿನ್' ಎಂಬ ಪದವನ್ನು ಕಳುಹಿಸಬೇಕೆಂದಿದ್ದರು. ಮೊದಲ ಎರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಯಂತ್ರವು ಕೈಕೊಟ್ಟಿತು! ಅರ್ಪಾನೆಟ್ ಎಂಬ ಜಾಲದ ನಾಂದಿ ಹೀಗಾಯಿತು. ಮುಂದೆ ಬೇರೆ ಬೇರೆ ಜಾಲಗಳು ಹುಟ್ಟಿಕೊಂಡವು. ಒಂದೊಂದಕ್ಕೂ ಒಂದೊಂದು ರೀತಿ ನೀತಿ. ಒಂದು ಜಾಲದ ಯಂತ್ರವು ಇನ್ನೊಂದು ಜಾಲದ ಯಂತ್ರದೊಡನೆ ಮಾತನಾಡುವುದು ಹೇಗೆ? ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ದಾರಿ ತೋರಿಸಿದರು. ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ಐಪಿ ನಿಯಮಾವಳಿಯ ನಾಲ್ಕನೆಯ ಆವೃತ್ತಿಯು 1981ರ ಸೆಪ್ಟೆಂಬರಿನಲ್ಲಿ ಹೊರಬಂದಿತು. 1983ರ ಜನವರಿ 1ರಂದು ಅರ್ಪಾನೆಟ್ ತನ್ನ ಹಳೆಯ ನಿಯಮಗಳನ್ನು ಕೈಬಿಟ್ಟು ಈ ಹೊಸ ನಿಯಮಗಳನ್ನು ಅಂಗೀಕರಿಸಿತು. ಅಂದು ಗೊತ್ತುಪಡಿಸಿದ ವಿಳಾಸದ ರೂಪವೇ ಇಂದಿಗೂ ಬಳಕೆಯಲ್ಲಿದೆ.

ಅಂತರಜಾಲದಲ್ಲಿ ಸಂದೇಶವು ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸುತ್ತಾರೆ. ಇಂತಹ ಒಂದೊಂದು ತುಂಡಿಗೆ ಪ್ಯಾಕೆಟ್ ಎಂದು ಹೆಸರು. ದೊಡ್ಡ ಗ್ರಂಥವೊಂದನ್ನು ಬಿಡಿಸಿ, ಪುಟಕ್ಕೊಂದು ಲಕೋಟೆಯಂತೆ ಅಂಚೆಗೆ ಹಾಕಿದರೆ ಹೇಗೋ ಹಾಗೆ. ಪ್ರತಿಯೊಂದು ಪ್ಯಾಕೆಟ್ಟಿನ ತಲೆಯ ಮೇಲೂ ಎರಡು ವಿಳಾಸಗಳಿರುತ್ತವೆ: ಕಳುಹಿಸಿದ ಯಂತ್ರದ್ದು ಒಂದು, ಪಡೆಯಬೇಕಾದ ಯಂತ್ರದ್ದು ಇನ್ನೊಂದು. ಮೊದಲನೆಯದಿಲ್ಲದಿದ್ದರೆ ಉತ್ತರ ಬರುವಂತಿಲ್ಲ. ಎರಡನೆಯದಿಲ್ಲದಿದ್ದರೆ ಪ್ರಶ್ನೆಯೇ ಹೋಗುವಂತಿಲ್ಲ.

ಈ ವಿಳಾಸವು ನೋಡುವುದಕ್ಕೆ ಹೇಗಿರುತ್ತದೆ? ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಾಗಿ ಅದನ್ನು ಬರೆಯುವುದು ವಾಡಿಕೆ. 192.168.1.25 ಎಂಬುದು ಒಂದು ಐಪಿ ವಿಳಾಸ. ಈ ನಾಲ್ಕರಲ್ಲಿ ಯಾವ ಸಂಖ್ಯೆಯೂ 255ನ್ನು ಮೀರುವಂತಿಲ್ಲ. ಈ ಮಿತಿಗೆ ಕಾರಣ ಯಂತ್ರದ ಲಿಪಿಯಲ್ಲಿದೆ. ನಾವು ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿಂದ ಲೆಕ್ಕ ಮಾಡುತ್ತೇವೆ. ಗಣಕಯಂತ್ರಕ್ಕೆ ತಿಳಿದಿರುವ ಅಂಕಿಗಳು ಎರಡೇ: ಸೊನ್ನೆ ಮತ್ತು ಒಂದು. ಇದಕ್ಕೆ ದ್ವಿಮಾನ ಪದ್ಧತಿ ಎಂದೂ, ಇದರ ಒಂದೊಂದು ಅಂಕಿಗೆ ಬಿಟ್ ಎಂದೂ ಹೆಸರು. ಐಪಿ ವಿಳಾಸವು ವಾಸ್ತವವಾಗಿ 32 ಬಿಟ್‌ಗಳ ಒಂದು ಸಾಲು. ಅಷ್ಟುದ್ದದ ಸಾಲನ್ನು ಮನುಷ್ಯರು ಓದಲಾರರೆಂದು ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ಭಾಗಗಳಾಗಿ ಮಾಡಿ, ಒಂದೊಂದನ್ನೂ ನಮ್ಮ ದಶಮಾನ ಪದ್ಧತಿಗೆ ತಿರುಗಿಸಿ ಬರೆಯುತ್ತಾರೆ.

ದಶಮಾನದಲ್ಲಿ ಸ್ಥಾನಗಳ ಬೆಲೆ ಬಿಡಿ, ಹತ್ತು, ನೂರು ಎಂದು ಹತ್ತು ಪಟ್ಟಾಗುತ್ತ ಹೋಗುವಂತೆ, ದ್ವಿಮಾನದಲ್ಲಿ ಅದು ಇಮ್ಮಡಿಯಾಗುತ್ತ ಹೋಗುತ್ತದೆ. ಎಂಟು ಸ್ಥಾನಗಳ ಬೆಲೆಗಳು ಎಡದಿಂದ ಬಲಕ್ಕೆ 128, 64, 32, 16, 8, 4, 2, 1. ನಮ್ಮ ಉದಾಹರಣೆಯ ಕೊನೆಯ ಸಂಖ್ಯೆಯಾದ 25ನ್ನು ತೆಗೆದುಕೊಳ್ಳಿರಿ. ಅದು 16, 8 ಮತ್ತು 1 ಇವುಗಳ ಮೊತ್ತ. ಆದುದರಿಂದ ಆ ಮೂರು ಸ್ಥಾನಗಳಲ್ಲಿ ಒಂದನ್ನೂ ಉಳಿದ ಸ್ಥಾನಗಳಲ್ಲಿ ಸೊನ್ನೆಯನ್ನೂ ಬರೆದರೆ 00011001 ಎಂದಾಗುತ್ತದೆ. ಇದೇ ಪ್ರಕಾರ 192 ಎಂಬುದು 11000000; 168 ಎಂಬುದು 10101000. ಎಂಟು ಸ್ಥಾನಗಳಲ್ಲಿಯೂ ಒಂದೇ ಇದ್ದರೆ ಮೊತ್ತವು 255. ಎಂಟು ಬಿಟ್‌ಗಳಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆಗೆ ಎಡೆಯಿಲ್ಲ.

ವಿಳಾಸದ ಮುಖ್ಯ ಗುಟ್ಟು ಇನ್ನು ಮುಂದಿದೆ. ಅದನ್ನು ತಿಳಿಯಲು ನಮಗೆಲ್ಲ ಪರಿಚಿತವಾದ ಪಿನ್ ಕೋಡ್ ಸಹಾಯಕ್ಕೆ ಬರುತ್ತದೆ. ಭಾರತದಲ್ಲಿ ಇದು ಜಾರಿಗೆ ಬಂದುದು 1972ರ ಆಗಸ್ಟ್ 15ರಂದು. ಆರು ಅಂಕಿಗಳ ಈ ಸಂಖ್ಯೆಯಲ್ಲಿ ಮೊದಲನೆಯ ಅಂಕಿಯು ದೇಶದ ಯಾವ ವಲಯವೆಂಬುದನ್ನು ಹೇಳುತ್ತದೆ. ಮೊದಲ ಮೂರು ಅಂಕಿಗಳು ಸೇರಿ ಅಂಚೆಯನ್ನು ವಿಂಗಡಿಸುವ ಜಿಲ್ಲೆಯನ್ನು ಸೂಚಿಸಿದರೆ ಕೊನೆಯ ಮೂರು ಅಂಕಿಗಳು ಅಂಚೆ ಕಛೇರಿಯನ್ನು ಸೂಚಿಸುತ್ತವೆ. ಕರ್ನಾಟಕದ ಪಿನ್ ಕೋಡ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ದೆಹಲಿಯಲ್ಲಿ ಪತ್ರಗಳನ್ನು ವಿಂಗಡಿಸುವವನಿಗೆ ಧಾರವಾಡದ ಬೀದಿಗಳ ಹೆಸರು ತಿಳಿದಿರಬೇಕಾದ ಅಗತ್ಯವಿಲ್ಲ. 580 ಎಂಬುದನ್ನು ಕಂಡೊಡನೆ ಆ ಪತ್ರವನ್ನು ಧಾರವಾಡದ ಕಡೆಯ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಬೀದಿಯನ್ನೂ ಮನೆಯನ್ನೂ ಹುಡುಕುವ ಹೊಣೆ ಧಾರವಾಡದವರದು.

ಐಪಿ ವಿಳಾಸದಲ್ಲಿಯೂ ಇದೇ ವಿವೇಕವಿದೆ. ಅದರ ಎಡಗಡೆಯ ಬಿಟ್‌ಗಳು ಯಂತ್ರವು ಯಾವ ಜಾಲಕ್ಕೆ ಸೇರಿದುದೆಂಬುದನ್ನು ಹೇಳುತ್ತವೆ. ಬಲಗಡೆಯ ಬಿಟ್‌ಗಳು ಆ ಜಾಲದೊಳಗೆ ಅದು ಯಾವ ಯಂತ್ರವೆಂಬುದನ್ನು ಹೇಳುತ್ತವೆ. ಮೊದಲನೆಯದು ಊರು, ಎರಡನೆಯದು ಮನೆ. ಊರು ಎಲ್ಲಿ ಮುಗಿದು ಮನೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಿಳಿಸಲು ವಿಳಾಸದ ಜೊತೆಗೆ ಇನ್ನೊಂದು ಸಂಖ್ಯೆಯನ್ನು ಇಟ್ಟಿರುತ್ತಾರೆ. ಅದಕ್ಕೆ ಸಬ್‌ನೆಟ್ ಮಾಸ್ಕ್ ಎಂದು ಹೆಸರು. ಮಾಸ್ಕ್ ಎಂದರೆ ಮುಖವಾಡ. ನಮ್ಮ ಉದಾಹರಣೆಯ ವಿಳಾಸಕ್ಕೆ 255.255.255.0 ಎಂಬ ಮುಖವಾಡವಿದೆ ಎಂದುಕೊಳ್ಳೋಣ. ದ್ವಿಮಾನದಲ್ಲಿ ಬರೆದರೆ ಇದರಲ್ಲಿ ಮೊದಲು 24 ಒಂದುಗಳೂ ಬಳಿಕ 8 ಸೊನ್ನೆಗಳೂ ಬರುತ್ತವೆ. ಒಂದು ಇರುವೆಡೆಯೆಲ್ಲ ಜಾಲದ ಭಾಗ, ಸೊನ್ನೆ ಇರುವೆಡೆಯೆಲ್ಲ ಯಂತ್ರದ ಭಾಗ. ಹೀಗಾಗಿ 192.168.1 ಎಂಬುದು ಊರಾಯಿತು. 25 ಎಂಬುದು ಮನೆಯಾಯಿತು. ಆ ಊರಿನಲ್ಲಿ ಸೊನ್ನೆಯಿಂದ 255ರವರೆಗೆ 256 ಸಂಖ್ಯೆಗಳಿವೆ. ಇವುಗಳಲ್ಲಿ ಮೊದಲನೆಯದು ಜಾಲದ ಹೆಸರಿಗೂ, ಕೊನೆಯದು ಜಾಲದ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಡಂಗುರ ಸಾರುವುದಕ್ಕೂ ಮೀಸಲು. ಉಳಿದ 254 ಸಂಖ್ಯೆಗಳನ್ನು ಯಂತ್ರಗಳಿಗೆ ಕೊಡಬಹುದು.

ದೊಡ್ಡ ಹೊಲವನ್ನು ಬದುಗಳಿಂದ ತುಂಡು ಮಾಡುವಂತೆ ಒಂದು ಜಾಲವನ್ನು ಉಪಜಾಲಗಳಾಗಿ ಒಡೆಯಬಹುದು. ಪ್ರೌಢಶಾಲೆಯೊಂದರಲ್ಲಿ ಕಛೇರಿ, ಗ್ರಂಥಾಲಯ, ಪ್ರಯೋಗಶಾಲೆ ಮತ್ತು ಗಣಕಯಂತ್ರಗಳ ಕೊಠಡಿ ಇವೆ. ನಾಲ್ಕೂ ಬೇರೆ ಬೇರೆಯಾಗಿರಬೇಕೆಂದು ಮುಖ್ಯೋಪಾಧ್ಯಾಯರು ಬಯಸುತ್ತಾರೆ. ಆಗ ಮುಖವಾಡವನ್ನು 255.255.255.192 ಎಂದು ಬದಲಾಯಿಸಿದರಾಯಿತು. 192 ಎಂದರೆ 11000000 ಎಂಬುದನ್ನು ಈಗಾಗಲೇ ಕಂಡಿದ್ದೇವೆ. ಅಂದರೆ ಇನ್ನೆರಡು ಬಿಟ್‌ಗಳು ಮನೆಯ ಭಾಗದಿಂದ ಊರಿನ ಭಾಗಕ್ಕೆ ಸೇರಿಹೋದವು. ಎರಡು ಬಿಟ್‌ಗಳಿಂದ 00, 01, 10, 11 ಎಂಬ ನಾಲ್ಕು ಉಪಜಾಲಗಳು ದೊರೆಯುತ್ತವೆ. ಒಂದೊಂದರಲ್ಲಿಯೂ 64 ಸಂಖ್ಯೆಗಳಿರುತ್ತವೆ. 25ನೆಯ ಯಂತ್ರವು ಮೊದಲನೆಯ ಉಪಜಾಲದಲ್ಲಿದ್ದರೆ 70ನೆಯ ಯಂತ್ರವು ಎರಡನೆಯದರಲ್ಲಿ ಬರುತ್ತದೆ. ಕಾಗದ ಪೆನ್ಸಿಲುಗಳನ್ನು ಹಿಡಿದು ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಯಂತ್ರವೊಂದು ಪ್ಯಾಕೆಟ್ಟನ್ನು ಕಳುಹಿಸುವಾಗ ತನ್ನ ಊರನ್ನೂ ಪಡೆಯುವ ಯಂತ್ರದ ಊರನ್ನೂ ಮೊದಲು ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ನೇರವಾಗಿ ತಲುಪಿಸುತ್ತದೆ. ಬೇರೆಯಾಗಿದ್ದರೆ ಊರ ಬಾಗಿಲಿನಲ್ಲಿರುವ ರೂಟರ್ ಎಂಬ ಯಂತ್ರಕ್ಕೆ ಒಪ್ಪಿಸುತ್ತದೆ. ರೂಟರ್ ಎಂದರೆ ದಾರಿಗಾರ. ಯಾವ ಜಾಲಕ್ಕೆ ಯಾವ ಕಡೆಯಿಂದ ಹೋಗಬೇಕೆಂಬ ಪಟ್ಟಿಯು ಅದರ ಬಳಿ ಇರುತ್ತದೆ. ಪಟ್ಟಿಯನ್ನು ನೋಡಿ ಅದು ಪ್ಯಾಕೆಟ್ಟನ್ನು ಮುಂದಿನ ರೂಟರಿಗೆ ದಾಟಿಸುತ್ತದೆ. ಅದು ಅದರ ಮುಂದಿನದಕ್ಕೆ. ಹಿಂದಿನ ಕಾಲದಲ್ಲಿ ಅಂಚೆಯ ಓಟಗಾರರು ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಂತೆ ಇದು ನಡೆಯುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟು ಕೊನೆಯಿಲ್ಲದೆ ಸುತ್ತುತ್ತಿರಬಾರದೆಂದು ಪ್ರತಿಯೊಂದಕ್ಕೂ ಆಯುಷ್ಯವನ್ನು ಗೊತ್ತುಪಡಿಸಿರುತ್ತಾರೆ. ಅದು 255ನ್ನು ಮೀರದ ಒಂದು ಸಂಖ್ಯೆ. ಒಂದೊಂದು ರೂಟರನ್ನು ದಾಟಿದಾಗಲೂ ಅದರಲ್ಲಿ ಒಂದು ಕಡಮೆಯಾಗುತ್ತದೆ. ಸೊನ್ನೆಗೆ ಇಳಿದೊಡನೆ ಆ ಪ್ಯಾಕೆಟ್ಟನ್ನು ಕೈಬಿಡುತ್ತಾರೆ.

ಪಿನ್ ಕೋಡಿಗೂ ಐಪಿ ವಿಳಾಸಕ್ಕೂ ಒಂದು ಭೇದವಿದೆ. ಪಿನ್ ಕೋಡ್ ನೆಲಕ್ಕೆ ಅಂಟಿದುದು. ಐಪಿ ವಿಳಾಸವು ಜಾಲಕ್ಕೆ ಅಂಟಿದುದು. ಮನೆಯಲ್ಲಿ ಒಂದು ವಿಳಾಸವನ್ನು ಪಡೆದಿದ್ದ ಮೊಬೈಲು ಶಾಲೆಯ ಜಾಲವನ್ನು ಸೇರಿದೊಡನೆ ಮತ್ತೊಂದು ವಿಳಾಸವನ್ನು ಪಡೆಯುತ್ತದೆ. ಹಾಗೆ ಬಂದ ಯಂತ್ರಕ್ಕೆ ಖಾಲಿಯಿರುವ ಸಂಖ್ಯೆಯೊಂದನ್ನು ಕೊಟ್ಟು, ಗೊತ್ತಾದ ಅವಧಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಜಾಲದಲ್ಲಿಯೇ ಇರುತ್ತದೆ. ಛತ್ರದಲ್ಲಿ ಇಳಿದುಕೊಂಡ ಯಾತ್ರಿಕನಿಗೆ ಕೋಣೆ ದೊರೆಯುವಂತೆ ಯಂತ್ರಕ್ಕೆ ವಿಳಾಸ ದೊರೆಯುತ್ತದೆ. ಯಾತ್ರಿಕನು ಹೊರಟುಹೋದ ಬಳಿಕ ಅದೇ ಕೋಣೆ ಮತ್ತೊಬ್ಬನಿಗೆ.

ಈ ಸಂಖ್ಯೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟ. ನಾವು ಹೆಸರುಗಳನ್ನು ನೆನೆಯಬಲ್ಲೆವು. ಯಂತ್ರವು ಸಂಖ್ಯೆಯನ್ನು ಬೇಡುತ್ತದೆ. ಮೊದಮೊದಲು ಹೆಸರುಗಳನ್ನೂ ಸಂಖ್ಯೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇರಿಸಿದ್ದರು. ಎಲ್ಲರೂ ಅದನ್ನು ನಕಲು ಮಾಡಿಕೊಳ್ಳಬೇಕಾಗಿದ್ದಿತು. ಯಂತ್ರಗಳು ಹೆಚ್ಚಿದಂತೆ ಒಂದು ಪಟ್ಟಿಯಿಂದ ಕೆಲಸ ಸಾಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಈ ಪಟ್ಟಿಯನ್ನು ಅನೇಕ ಯಂತ್ರಗಳಿಗೆ ಹಂಚಿಕೊಡುವ ವ್ಯವಸ್ಥೆಯೊಂದನ್ನು ರೂಪಿಸಿದರು. ಡೊಮೇನ್ ನೇಮ್ ಸಿಸ್ಟಮ್ ಎಂಬುದು ಅದರ ಹೆಸರು. ನಾವು ಹೆಸರನ್ನು ಬರೆದಾಗ ಅದಕ್ಕೆ ಸರಿಯಾದ ಐಪಿ ವಿಳಾಸವನ್ನು ಹುಡುಕಿಕೊಡುವುದು ಈ ವ್ಯವಸ್ಥೆಯೇ.

ಇಲ್ಲಿಯವರೆಗೆ ನೋಡಿದುದು ವಿಳಾಸದ ರಚನೆ. ಇನ್ನು ಅದರ ಎಣಿಕೆಯನ್ನು ನೋಡೋಣ. 32 ಬಿಟ್‌ಗಳಿಂದ ಎಷ್ಟು ವಿಳಾಸಗಳನ್ನು ಮಾಡಬಹುದು? ಒಂದು ಬಿಟ್ಟಿನಿಂದ ಎರಡು, ಎರಡು ಬಿಟ್‌ಗಳಿಂದ ನಾಲ್ಕು, ಮೂರರಿಂದ ಎಂಟು. ಹೀಗೆ ಇಮ್ಮಡಿಸುತ್ತ ಹೋದರೆ ದೊರೆಯುವುದು 429,49,67,296. ಸುಮಾರು 429 ಕೋಟಿ. ಗಣಕಯಂತ್ರವೆಂದರೆ ಒಂದು ದೊಡ್ಡ ಕೋಣೆಯನ್ನು ತುಂಬುವ, ವಿಶ್ವವಿದ್ಯಾಲಯಗಳಿಗೂ ಸರ್ಕಾರಗಳಿಗೂ ಮಾತ್ರ ಎಟಕುವ ವಸ್ತುವೆಂದು ತಿಳಿದಿದ್ದ ಕಾಲವದು. ಆಗ ಈ ಸಂಖ್ಯೆಯು ಸಮುದ್ರದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ 1981ರಲ್ಲಿ ಭೂಮಿಯ ಮೇಲಿನ ಜನಸಂಖ್ಯೆಯೇ ಸುಮಾರು 450 ಕೋಟಿ ಇದ್ದಿತು. ತಲೆಗೊಂದು ವಿಳಾಸವನ್ನು ಕೊಡುವುದಕ್ಕೂ ಅಂದು ಸಾಲುತ್ತಿರಲಿಲ್ಲ! ವಿಳಾಸದ ಉದ್ದವು 128 ಬಿಟ್‌ಗಳಿರಲೆಂಬ ಸಲಹೆಯೂ ಆ ಕಾಲದಲ್ಲಿಯೇ ಬಂದಿದ್ದಿತು. 1977ರಲ್ಲಿ 32 ಬಿಟ್‌ಗಳೆಂದು ತೀರ್ಮಾನಿಸಿದಾಗ ಅದೊಂದು ಪ್ರಯೋಗಮಾತ್ರವೆಂದು ತಾವು ಭಾವಿಸಿದ್ದುದಾಗಿ ಸರ್ಫ್ ಅವರು ಮುಂದೆ ಹೇಳಿದ್ದಾರೆ. ಪ್ರಯೋಗವೇ ಬೆಳೆದು ಲೋಕವ್ಯಾಪಾರವಾಯಿತು.

ಹೇರಳವಾಗಿದೆ ಎಂದು ತೋರಿದ ವಸ್ತುವನ್ನು ಮನುಷ್ಯನು ಅಳೆದು ಖರ್ಚು ಮಾಡುವುದಿಲ್ಲ. ಕೆರೆ ತುಂಬಿದ ವರ್ಷ ತೂಬಿನ ಬಳಿಯ ಗದ್ದೆಯವನು ರಾತ್ರಿಯೆಲ್ಲ ನೀರು ಹಾಯಿಸುತ್ತಾನೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟೀತೆ ಎಂದು ಯೋಚಿಸುವುದಿಲ್ಲ. ವಿಳಾಸಗಳ ಹಂಚಿಕೆಯೂ ಹಾಗೆಯೇ ನಡೆಯಿತು. ಆರಂಭದಲ್ಲಿ ಜಾಲಗಳನ್ನು ಮುಖ್ಯವಾಗಿ ಮೂರು ವರ್ಗಗಳನ್ನಾಗಿ ಮಾಡಿದ್ದರು. ಮೊದಲ ವರ್ಗದ ಒಂದು ಜಾಲದಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು, ಎರಡನೆಯದರಲ್ಲಿ 65,536, ಮೂರನೆಯದರಲ್ಲಿ 256. ಇವುಗಳ ನಡುವೆ ಬೇರೆ ಅಳತೆಯಿರಲಿಲ್ಲ. ಮುನ್ನೂರು ಯಂತ್ರಗಳಿರುವ ಸಂಸ್ಥೆಗೆ ಮೂರನೆಯ ವರ್ಗದ ಒಂದು ಜಾಲ ಸಾಲದು. ಎರಡನೆಯ ವರ್ಗದ ಜಾಲವನ್ನು ಕೊಟ್ಟರೆ ಅರುವತ್ತೈದು ಸಾವಿರ ವಿಳಾಸಗಳು ವ್ಯರ್ಥ. ಒಟ್ಟು ವಿಳಾಸಗಳಲ್ಲಿ ಅರ್ಧಭಾಗವು ಮೊದಲನೆಯ ವರ್ಗದ 128 ಜಾಲಗಳಿಗೇ ಸೇರಿಹೋಗಿದ್ದಿತು. ತೂಬಿನ ಬಳಿಯಿದ್ದ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೂ ಕಂಪೆನಿಗಳಿಗೂ ಒಂದೊಂದು ಇಡೀ ಜಾಲವೇ ದೊರೆಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ಕೆರೆಯ ನೀರು ಬಹಳವಾಗಿ ಇಳಿದಿದ್ದಿತು.

ಇಂತಹ ಸಂದರ್ಭದಲ್ಲಿ ಮನುಷ್ಯರ ಗುಣವೂ ಬೆಳಕಿಗೆ ಬರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಳಿ ಮೊದಲನೆಯ ವರ್ಗದ ಒಂದು ಜಾಲವಿದ್ದಿತು. ತನಗೆ ಅಷ್ಟು ಬೇಡವೆಂದು ಕಂಡುಕೊಂಡು ಅದು ತನ್ನ ಯಂತ್ರಗಳಿಗೆಲ್ಲ ಬೇರೆ ಸಂಖ್ಯೆಗಳನ್ನು ಕೊಟ್ಟು, 2000ದಲ್ಲಿ ಆ ಜಾಲವನ್ನು ಸಾರ್ವಜನಿಕ ಭಂಡಾರಕ್ಕೆ ಹಿಂದಿರುಗಿಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಬಳಿಯೂ ಅಂತಹುದೇ ಒಂದು ಜಾಲವಿದ್ದಿತು. ಅದು 2017ರಲ್ಲಿ ಅದರ ಸುಮಾರು ಅರ್ಧಭಾಗವನ್ನು ಮಾರಲು ನಿರ್ಧರಿಸಿತು. ಒಂದು ಕಾಲದಲ್ಲಿ ಕೇಳಿದವರಿಗೆ ಪುಕ್ಕಟೆಯಾಗಿ ದೊರೆತ ಸಂಖ್ಯೆಗಳು ಬೆಲೆ ಕಟ್ಟಿ ಮಾರುವ ಸರಕಾದುವು.

ಕೊರತೆಯನ್ನು ಮುಂಗಂಡ ತಜ್ಞರು ಕೈಕಟ್ಟಿ ಕುಳಿತಿರಲಿಲ್ಲ. 1993ರಲ್ಲಿ ವರ್ಗಗಳ ಕಟ್ಟನ್ನು ಸಡಿಲಿಸಿ, ಊರು ಮನೆಗಳ ಗಡಿಯನ್ನು ಯಾವ ಬಿಟ್ಟಿನ ಬಳಿಯಾದರೂ ಇಡಬಹುದೆಂಬ ನಿಯಮವನ್ನು ತಂದರು. ಮುನ್ನೂರು ಯಂತ್ರಗಳಿಗೆ 512 ವಿಳಾಸಗಳ ತುಂಡನ್ನು ಅಳೆದು ಕೊಡುವುದು ಅಂದಿನಿಂದ ಸಾಧ್ಯವಾಯಿತು. ಎರಡನೆಯ ಉಪಾಯವು ಇನ್ನೂ ಜಾಣತನದ್ದು. ಕೆಲವು ವಿಳಾಸಗಳನ್ನು ಯಾರಿಗೂ ಕೊಡದೆ, ಎಲ್ಲರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಲೆಂದು ಬಿಟ್ಟರು. 10ರಿಂದ ಆರಂಭವಾಗುವ ವಿಳಾಸಗಳೂ 192.168ರಿಂದ ಆರಂಭವಾಗುವ ವಿಳಾಸಗಳೂ ಈ ಗುಂಪಿಗೆ ಸೇರಿದವು. ನಮ್ಮ ಉದಾಹರಣೆಯ ವಿಳಾಸವೂ ಇಂತಹುದೇ. ಅದೇ ಸಂಖ್ಯೆಯು ಏಕಕಾಲದಲ್ಲಿ ಲಕ್ಷಾಂತರ ಮನೆಗಳಲ್ಲಿ ಇರಬಹುದು. ಮನೆಯ ಹೊರಗೆ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ಇಂತಹ ಯಂತ್ರಕ್ಕೆ ಹೊರಲೋಕದ ಉತ್ತರ ಬರುವುದು ಹೇಗೆ? ವಿದ್ಯಾರ್ಥಿನಿಲಯವನ್ನು ನೆನೆಸಿಕೊಳ್ಳಿರಿ. ಅಲ್ಲಿ ನೂರು ಕೋಣೆಗಳಿದ್ದರೂ ಹೊರಗಿನವರಿಗೆ ತಿಳಿದಿರುವುದು ನಿಲಯದ ಒಂದೇ ವಿಳಾಸ. ಹುಡುಗರು ಬರೆದ ಪತ್ರಗಳನ್ನೆಲ್ಲ ನಿಲಯಪಾಲಕರು ನಿಲಯದ ವಿಳಾಸದಿಂದಲೇ ಕಳುಹಿಸಿ, ಯಾವ ಪತ್ರ ಯಾವ ಕೋಣೆಯದೆಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಉತ್ತರ ಬಂದಾಗ ಪುಸ್ತಕವನ್ನು ನೋಡಿ ಆಯಾ ಕೋಣೆಗೆ ಮುಟ್ಟಿಸುತ್ತಾರೆ. ಮನೆಯ ರೂಟರ್ ಮಾಡುವುದು ಇದೇ ಕೆಲಸ. ಹತ್ತಾರು ಯಂತ್ರಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುತ್ತವೆ.

ಈ ಏರ್ಪಾಡಿನಿಂದ ದೊರೆತ ಉಪಕಾರವು ದೊಡ್ಡದು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿಯೇ ಬಂದ ಪತ್ರವನ್ನು ಯಾವ ಕೋಣೆಗೆ ಕೊಡಬೇಕೆಂದು ನಿಲಯಪಾಲಕರಿಗೆ ತಿಳಿಯದು. ಆದುದರಿಂದ ಇಂತಹ ಯಂತ್ರಗಳು ಹೊರಗೆ ಕೇಳಬಲ್ಲವು. ಹೊರಗಿನವರು ಅವನ್ನು ನೇರವಾಗಿ ಕರೆಯಲಾರರು. ವಿಳಾಸಗಳು ತೀರ ಕಡಮೆಯಾದೆಡೆ ಸೇವೆ ನೀಡುವ ಕಂಪೆನಿಗಳು ನೂರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುವುದುಂಟು. ಆಗ ಅವರಲ್ಲಿ ಒಬ್ಬನು ತಪ್ಪು ಮಾಡಿ ಆ ವಿಳಾಸಕ್ಕೆ ಬಹಿಷ್ಕಾರ ಬಿದ್ದರೆ, ತಪ್ಪು ಮಾಡದ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ತಪ್ಪಿತಸ್ಥನನ್ನು ಹುಡುಕುವ ಕೆಲಸವೂ ಕಠಿನವಾಗುತ್ತದೆ. ಸ್ವಂತ ವಿಳಾಸವೆಂಬುದು ಗುರುತೂ ಹೌದು, ಹೊಣೆಯೂ ಹೌದು.

ಉಪಾಯಗಳೇನೇ ಇದ್ದರೂ ಕೆರೆ ಬತ್ತುವುದು ತಪ್ಪಲಿಲ್ಲ. ಜಗತ್ತಿನ ವಿಳಾಸಗಳ ಹಂಚಿಕೆಗೆ ಒಂದು ಕೇಂದ್ರಭಂಡಾರವೂ, ಅದರ ಕೆಳಗೆ ಐದು ಪ್ರಾದೇಶಿಕ ಸಂಸ್ಥೆಗಳೂ ಇವೆ. ಭಾರತವು ಏಷ್ಯ ಮತ್ತು ಪೆಸಿಫಿಕ್ ಪ್ರದೇಶದ ಸಂಸ್ಥೆಯ ವ್ಯಾಪ್ತಿಗೆ ಸೇರಿದುದು. 2011ರ ಫೆಬ್ರವರಿ 3ರಂದು ಕೇಂದ್ರಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ತುಂಡುಗಳನ್ನು ಆ ಐದು ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು, ಭಂಡಾರವು ಬರಿದಾಯಿತೆಂದು ಸಾರಿದರು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ನಮ್ಮ ಪ್ರದೇಶದ ಸಂಸ್ಥೆಯು ತನ್ನ ಕೊನೆಯ ತುಂಡಿಗೆ ಕೈಯಿಟ್ಟು, ಅಂದಿನಿಂದ ಬೊಗಸೆಯಲ್ಲಿ ಅಳೆದು ಕೊಡುವ ಕ್ರಮವನ್ನು ಅನುಸರಿಸಿತು.

ಆದರೆ ಹೊಸ ಕೆರೆಯನ್ನು ಕಟ್ಟುವ ಕೆಲಸವು ಅಷ್ಟರೊಳಗೆ ನಡೆದಿದ್ದಿತು. ಐಪಿಯ ಆರನೆಯ ಆವೃತ್ತಿಯನ್ನು 1995ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದರು. ನಾಲ್ಕರ ಬಳಿಕ ಐದು ಬರಬೇಡವೆ ಎಂದು ನೀವು ಕೇಳಬಹುದು. ಐದನೆಯ ಸಂಖ್ಯೆಯು ಬೇರೊಂದು ಪ್ರಯೋಗಕ್ಕೆ ಸಂದುಹೋಗಿದ್ದಿತು. ಹೊಸ ವಿಳಾಸದ ಉದ್ದವು 128 ಬಿಟ್‌ಗಳು. ಬಿಟ್‌ಗಳ ಸಂಖ್ಯೆ ನಾಲ್ಕು ಪಟ್ಟಾಯಿತೆಂದು ವಿಳಾಸಗಳ ಸಂಖ್ಯೆಯೂ ನಾಲ್ಕು ಪಟ್ಟಾಯಿತೆಂದು ತಿಳಿಯಬಾರದು. ಒಂದೊಂದು ಬಿಟ್ಟು ಸೇರಿದಾಗಲೂ ಮೊತ್ತವು ಇಮ್ಮಡಿಯಾಗುವುದೆಂಬುದನ್ನು ನೆನಪಿಡಬೇಕು. 34 ಎಂದು ಬರೆದು ಅದರ ಮುಂದೆ 37 ಸೊನ್ನೆಗಳನ್ನು ಇಟ್ಟರೆ ಹೆಚ್ಚುಕಡಮೆ ಎಷ್ಟಾಗುವುದೋ ಅಷ್ಟು ವಿಳಾಸಗಳು ಇದರಿಂದ ದೊರೆಯುತ್ತವೆ. ಈ ಸಂಖ್ಯೆಯನ್ನು ಓದಲು ಬಳಕೆಯ ಮಾತುಗಳು ಸಾಲವು. ಮನೆಯ ದೀಪ, ಹೊಲದ ಪಂಪು, ಆಸ್ಪತ್ರೆಯ ಉಪಕರಣ, ಒಂದೊಂದಕ್ಕೂ ಸ್ವಂತ ವಿಳಾಸವನ್ನು ಕೊಟ್ಟರೂ ಇದು ಬರಿದಾಗುವ ಭಯವಿಲ್ಲ.

ಆದರೂ ಹಳೆಯ ಪದ್ಧತಿಯು ಒಮ್ಮೆಗೇ ಮರೆಯಾಗಲಿಲ್ಲ. ನಾಲ್ಕನೆಯ ಆವೃತ್ತಿಯನ್ನು ಮಾತ್ರ ಬಲ್ಲ ಯಂತ್ರಕ್ಕೆ ಆರನೆಯದರ ವಿಳಾಸವು ಅರ್ಥವಾಗದು. 1983ರಲ್ಲಿ ಇದ್ದ ಯಂತ್ರಗಳು ಕೆಲವೇ ನೂರು. ಒಂದು ದಿನವನ್ನು ಗೊತ್ತುಮಾಡಿ ಎಲ್ಲವನ್ನೂ ಬದಲಾಯಿಸುವುದು ಸಾಧ್ಯವಾಯಿತು. ಇಂದು ಅದು ಆಗದ ಮಾತು. 2012ರ ಜೂನ್ 6ರಂದು ಜಗತ್ತಿನ ಅನೇಕ ದೊಡ್ಡ ಸಂಸ್ಥೆಗಳು ಹೊಸ ಪದ್ಧತಿಯನ್ನು ಶಾಶ್ವತವಾಗಿ ಚಾಲನೆಗೆ ತಂದವು. ಅಲ್ಲಿಂದ ಇಲ್ಲಿಯವರೆಗೆ ಹಳೆಯದೂ ಹೊಸದೂ ಒಟ್ಟಿಗೆ ನಡೆದುಕೊಂಡು ಬಂದಿವೆ.

ಅಚ್ಚುಕಟ್ಟಿನ ಕೊನೆಯ ಗದ್ದೆಯವನೇ ಹೊಸ ಕೆರೆಯ ಬಳಿಗೆ ಬೇಗ ನಡೆಯುವುದು ಸಹಜ. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು 2010ರಲ್ಲಿಯೇ ಆರನೆಯ ಆವೃತ್ತಿಗೆ ಬದಲಾಗುವ ಮಾರ್ಗಸೂಚಿಯನ್ನು ಹೊರಡಿಸಿತು. ಮುಂದಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಹಬ್ಬಿದ ಮೊಬೈಲು ಜಾಲಗಳು ಹೊಸ ವಿಳಾಸಗಳನ್ನೇ ನೆಚ್ಚಿ ಬೆಳೆದವು. ಇಂದು ನಮ್ಮ ದೇಶದ ಅಂತರಜಾಲ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ವಿಳಾಸವು ದೊರೆಯುತ್ತಿದೆ. ಈ ವಿಷಯದಲ್ಲಿ ಭಾರತವು ಜಗತ್ತಿನ ಮುಂಚೂಣಿಯ ರಾಷ್ಟ್ರಗಳ ಸಾಲಿನಲ್ಲಿದೆ. ತಡವಾಗಿ ಬಂದುದರಿಂದ ಆದ ನಷ್ಟವನ್ನು ನಾವು ಹೀಗೆ ತುಂಬಿಕೊಂಡೆವು.

ಹಾವೇರಿಯ ಬಾಲಕಿಯು ಫಲಿತಾಂಶವನ್ನು ನೋಡಿ ಮೊಬೈಲನ್ನು ಕೆಳಗಿಡುವಾಗ ಅದರ ಹಿಂದೆ ನಡೆದ ಈ ವ್ಯವಹಾರವೆಲ್ಲ ಅವಳ ಕಣ್ಣಿಗೆ ಬೀಳುವುದಿಲ್ಲ. ಬೀಳಬೇಕಾದ ಅಗತ್ಯವೂ ಇಲ್ಲ. ಒಬ್ಬರನ್ನೊಬ್ಬರು ಕಾಣದ ಜನ, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬದುಕುತ್ತಿರುವ ಜನ, ಒಂದೇ ಬಗೆಯಾಗಿ ಅಂಕಿಗಳನ್ನು ಓದಲು ಒಪ್ಪಿದ್ದಾರೆ. ಆ ಒಪ್ಪಿಗೆ ಮುರಿಯದಿರುವವರೆಗೆ ಅವಳ ಪ್ರಶ್ನೆಗೆ ಉತ್ತರವು ಬರುತ್ತಲೇ ಇರುತ್ತದೆ. ಒಪ್ಪಂದವನ್ನು ಮಾಡಿದವರಲ್ಲಿ ದೂರದೃಷ್ಟಿ ಕೊಂಚ ಕಡಮೆಯಾದರೂ ಮುಂದಿನ ತಲೆಮಾರು ಅದರ ಭಾರವನ್ನು ಹೊರಬೇಕಾಗುತ್ತದೆಂಬುದನ್ನು 32 ಬಿಟ್‌ಗಳ ಕಥೆಯು ನಮಗೆ ತಿಳಿಸಿದೆ. ನೀರು, ನೆಲ, ಕಾಡುಗಳಂತೆ ಸಂಖ್ಯೆಗಳೂ ಸಮಾಜದ ಸೊತ್ತಾಗಬಲ್ಲವು. ಅವನ್ನು ಹಂಚುವವನು ತನ್ನ ಕಾಲದ ಅಗತ್ಯದ ಜೊತೆಗೆ, ಇನ್ನೂ ಹುಟ್ಟದವರ ಪಾಲನ್ನೂ ಎಣಿಸಬೇಕು.